ಹೂಂ, ಊಹೂಂ ಮತ್ತು ನೂರೆಪ್ಪತ್ತು: ಕ್ಲಿನಿಕ್ಕಿಗೆ ಎಐ ಸ್ಕ್ರೈಬ್ ತರುವ ಮುನ್ನ

"ನಿನ್ನೆ ಔಷಧಿ ಹೊಡೆದು ಬಂದ್ಮೇಲೆ ತಲೆಸುತ್ತು ಶುರುವಾಯ್ತು ಸಾರ್."

ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಕೂತ ಡಾಕ್ಟರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ಸ್ಪ್ರೇ ಮಾಡಿದ್ದಾನೆ, ಮೂಗಿಗೆ ಬಟ್ಟೆ ಕಟ್ಟಿರಲಿಕ್ಕಿಲ್ಲ, ಕಣ್ಣಿನ ಪಾಪೆ ನೋಡಬೇಕು, ಯಾವ ಡಬ್ಬಿ ಅಂತ ಕೇಳಬೇಕು. ರೋಗಿ ಮತ್ತು ಡಾಕ್ಟರ ಮಾತನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ಎಐ ಸ್ಕ್ರೈಬಿಗೆ ಹಾಗಲ್ಲ. ಔಷಧಿ ಅಂದರೆ ಅದಕ್ಕೆ ಔಷಧವೇ. "ಔಷಧ ತೆಗೆದುಕೊಂಡ ನಂತರ ತಲೆಸುತ್ತು" ಎಂದು ನೀಟಾದ ಇಂಗ್ಲಿಷಿನಲ್ಲಿ ಬರೆದಿಟ್ಟರೆ, ಮುಂದಿನ ವಾರ ಅದನ್ನು ಓದಿದ ಇನ್ನೊಬ್ಬ ಡಾಕ್ಟರು ಬಿಪಿ ಮಾತ್ರೆಯ ಡೋಸ್ ಇಳಿಸಿ ಕಳಿಸಬಹುದು. ಇನ್ನು "ನಮ್ಮ ಹುಡುಗಿ ಔಷಧಿ ಕುಡಿದ್ಬಿಟ್ಟಿದ್ಲು" ಅನ್ನುವ ವಾಕ್ಯ. ಅದು ವಿಷ ಸೇವನೆಯ ಇತಿಹಾಸ. ಯಂತ್ರದ ಪಾಲಿಗೆ ಅದೂ ಸಿರಪ್ಪೇ.

ಈ ಸಾಧನಗಳು ದೊಡ್ಡ ಊರಿನ ಆಸ್ಪತ್ರೆಗಳಿಂದ ತಾಲ್ಲೂಕು ಮಟ್ಟದ ಕ್ಲಿನಿಕ್ಕುಗಳ ಕಡೆ ಬರುತ್ತಿವೆ. ತರಬೇಡಿ ಅನ್ನುವುದು ಈ ಬರಹದ ಉದ್ದೇಶವಲ್ಲ. ತಲೆ ಬಗ್ಗಿಸಿ ಬರೆಯುತ್ತಾ ರೋಗಿಯ ಮುಖವನ್ನೇ ನೋಡದ ಡಾಕ್ಟರಿಗಿಂತ, ಮುಖ ನೋಡಿ ಮಾತಾಡಿ ಆಮೇಲೆ ಟಿಪ್ಪಣಿ ತಿದ್ದುವ ಡಾಕ್ಟರು ವಾಸಿ. ಆದರೆ ಇಂಗ್ಲಿಷ್ ಸಮಾಲೋಚನೆಗಾಗಿ ಕಟ್ಟಿದ ಯಂತ್ರ ಹಾಸನದ ಕನ್ನಡದಲ್ಲಿ ಎಲ್ಲಿ ಎಡವುತ್ತದೆ ಅನ್ನುವುದು ಮೊದಲೇ ಗೊತ್ತಿರಬೇಕು. ಎಡವುವುದು ದೊಡ್ಡ ದೊಡ್ಡ ವೈದ್ಯಕೀಯ ಪದಗಳಲ್ಲಿ ಅಲ್ಲ, ಸಣ್ಣ ಸದ್ದುಗಳಲ್ಲಿ.

ಒಳಗೆ ನಡೆಯುವುದು ಏನು

ಮೈಕು ಧ್ವನಿ ಹಿಡಿಯುತ್ತದೆ. ಒಂದು ಎಐ ಮಾದರಿ (ಮಾಡೆಲ್) ಆ ಧ್ವನಿಯನ್ನು ಅಕ್ಷರಕ್ಕಿಳಿಸುತ್ತದೆ. ಯಾರು ಯಾವ ಮಾತು ಆಡಿದರು ಎಂದು ಬೇರ್ಪಡಿಸುವ ಕೆಲಸ ಇನ್ನೊಂದರದ್ದು. ಕೊನೆಗೆ ಭಾಷಾ ಮಾದರಿಯೊಂದು ಇಡೀ ಸಂಭಾಷಣೆಯನ್ನು ಸಾರಾಂಶ ಮಾಡಿ, ರೋಗಿ ಹೇಳಿದ್ದು, ಡಾಕ್ಟರು ಕಂಡದ್ದು, ಕಾಯಿಲೆಯ ಅಂದಾಜು, ಮುಂದಿನ ಯೋಜನೆ ಅನ್ನುವ ನಾಲ್ಕು ಖಾನೆಗಳಿಗೆ ತುಂಬುತ್ತದೆ. ನಾಲ್ಕು ಹಂತದಲ್ಲೂ ತಪ್ಪಾಗುತ್ತದೆ, ಪ್ರತಿ ಹಂತದ ತಪ್ಪಿನ ಚಹರೆ ಬೇರೆ. ಮೊದಲೆರಡು ಹಂತದ ತಪ್ಪು ಹೆಚ್ಚಿನ ಸಲ ವಿಚಿತ್ರವಾಗಿ ಕಾಣುವುದರಿಂದ ಕಣ್ಣಿಗೆ ಬೀಳುತ್ತದೆ. ಕೊನೆಯ ಹಂತದ ತಪ್ಪು ಅಚ್ಚುಕಟ್ಟಾದ ವಾಕ್ಯವಾಗಿ ಬರುತ್ತದೆ, ಅದಕ್ಕೇ ದಾಟಿ ಹೋಗುತ್ತದೆ.

ಇಲ್ಲದ ಮಾತನ್ನು ಹುಟ್ಟಿಸುವ ತಪ್ಪನ್ನು 2024ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಅಳೆದು ತೋರಿಸಿದೆ. ವಿಸ್ಪರ್ ಎಂಬ ಪ್ರಸಿದ್ಧ ಧ್ವನಿ-ಅಕ್ಷರ ಮಾದರಿಗೆ 13,140 ಧ್ವನಿ ತುಣುಕು ಕೊಟ್ಟಾಗ ಸುಮಾರು ಶೇ. 1ರಲ್ಲಿ ಯಾರೂ ಆಡದ ಮಾತು ಸೇರಿಕೊಂಡಿತ್ತು. ಹಾಗೆ ಹುಟ್ಟಿದ್ದರಲ್ಲಿ ಶೇ. 38 ಹಾನಿ ತರಬಲ್ಲಂಥವು. ಮಾತಿನ ನಡುವೆ ಮೌನ ಜಾಸ್ತಿ ಇದ್ದಷ್ಟೂ ಈ ಕಾಟ ಹೆಚ್ಚು. ಪಾರ್ಶ್ವವಾಯು ಆದವರು, ಉಸಿರು ಕಟ್ಟಿ ತಡೆದು ತಡೆದು ಮಾತಾಡುವ ದಮ್ಮಿನವರು, ಎಂಬತ್ತು ದಾಟಿದ ಅಜ್ಜಿಯರು ನಮ್ಮ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕಡಿಮೆಯೇ? ಅದೂ ಇಂಗ್ಲಿಷಿನ ಕತೆ. ನಮ್ಮ ಕಡೆಯ ಆಡುಮಾತಿಗೆ ಅಷ್ಟು ತರಬೇತಿಯ ಸರಕು ಎಲ್ಲೂ ಇಲ್ಲ. ಐಐಟಿ ಮದ್ರಾಸಿನ ಸಂಶೋಧನಾ ಕೇಂದ್ರ ಎಐ4ಭಾರತ್ ಮತ್ತು ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿಯಿಂದ ಕನ್ನಡಕ್ಕೆ ಒಳ್ಳೆಯ ಬುನಾದಿ ಬಿದ್ದಿರುವುದು ನಿಜ. ಆದರೆ ಸುದ್ದಿ ಓದುವ ಕನ್ನಡ ಬೇರೆ, ಅರಕಲಗೂಡಿನಿಂದ ಬಸ್ಸಿಳಿದು ಬಂದು ಹೊಟ್ಟೆ ಹಿಡಿದುಕೊಂಡು ಆಡುವ ಕನ್ನಡ ಬೇರೆ.

ಹೂಂ ಅಂದರೆ ಯಾವುದಕ್ಕೆ ಹೂಂ?

ನಮ್ಮ ಕಡೆಯ ಸಮಾಲೋಚನೆಯಲ್ಲಿ ಅರ್ಧ ಉತ್ತರ 'ಹೂಂ', 'ಊಹೂಂ', ತಲೆಯಾಟ. ಇಂಗ್ಲಿಷಿನ 'ಅಂ', 'ಅಹ್'ಗಳನ್ನು ಕಸವೆಂದು ಗುಡಿಸಿ ಹಾಕುವಂತೆ ಹಲವು ಸಾಧನಗಳನ್ನು ಹೊಂದಿಸಿರುತ್ತಾರೆ. ಆ ಪೊರಕೆಗೆ ನಮ್ಮ ಹೂಂ ಕೂಡ ಸಿಕ್ಕಿ ಹೋಗುತ್ತದೆ. ಉಳಿದರೂ ಹೂಂ ಮತ್ತು ಊಹೂಂ ನಡುವಿನ ಅಂತರ ಮೂಗಿನಲ್ಲಿ ಏರಿಳಿಯುವ ಒಂದು ಸ್ವರ, ಅಷ್ಟೆ. ಫ್ಯಾನ್ ಸದ್ದಿನಲ್ಲಿ ಅದು ಮುಳುಗುತ್ತದೆ. ತಲೆಯಾಟವಂತೂ ಧ್ವನಿಮುದ್ರಿಕೆಯಲ್ಲಿ ಇಲ್ಲವೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇಲ್ಲ-ಪ್ರಶ್ನೆ. "ಜ್ವರ ಏನೂ ಇಲ್ಲ ತಾನೇ?" ಅಂದರೆ ರೋಗಿ "ಹೂಂ" ಅನ್ನುತ್ತಾನೆ. ಅರ್ಥ: ಹೌದು, ಇಲ್ಲ. ಇಂಗ್ಲಿಷಿನ ಜಾಡಿನಲ್ಲಿ ಯೋಚಿಸುವ ಮಾದರಿಗೆ ಅದು ಜ್ವರ ಇದೆ ಎಂದು ಕೇಳಿಸಬಹುದು. "ಪೆನ್ಸಿಲಿನ್ ಇಂಜೆಕ್ಷನ್ ತಗೊಂಡಾಗ ಏನೂ ಆಗಿಲ್ವಲ್ಲ?" ಅನ್ನುವ ಪ್ರಶ್ನೆಗೂ ಇದೇ ಗತಿ. ಅಲರ್ಜಿ ಇಲ್ಲದವನಿಗೆ ಅಲರ್ಜಿ ಅಂಟುತ್ತದೆ, ಇದ್ದವನದ್ದು ಅಳಿಸಿ ಹೋಗುತ್ತದೆ.

ಪರಿಹಾರ ಸಾಫ್ಟ್‌ವೇರಿನಲ್ಲಿಲ್ಲ, ಡಾಕ್ಟರ ಬಾಯಲ್ಲಿದೆ. ಪ್ರಶ್ನೆಯನ್ನು ನೇರ ಮಾಡಬೇಕು: "ಜ್ವರ ಇದೆಯಾ?" ಬಂದ ಉತ್ತರವನ್ನು ಡಾಕ್ಟರೇ ಪೂರ್ತಿ ವಾಕ್ಯದಲ್ಲಿ ಮರುನುಡಿಯಬೇಕು: "ಸರಿ, ಜ್ವರ ಇಲ್ಲ. ವಾಂತಿ ಇಲ್ಲ. ಎದೆನೋವು ಮೂರು ದಿನದಿಂದ, ಏರು ಹತ್ತಿದರೆ ಜಾಸ್ತಿ, ಕೂತರೆ ಕಮ್ಮಿ. ಅಲ್ವಾ?" ಹತ್ತು ಸೆಕೆಂಡಿನ ಕೆಲಸ. ಟಿಪ್ಪಣಿ ಆಗ ರೋಗಿಯ ಹೂಂ ಮೇಲೆ ನಿಲ್ಲುವುದಿಲ್ಲ, ಡಾಕ್ಟರ ವಾಕ್ಯದ ಮೇಲೆ ನಿಲ್ಲುತ್ತದೆ. ತಪ್ಪಿದ್ದರೆ ರೋಗಿ ಅಲ್ಲೇ "ಅಲ್ಲ ಸಾರ್" ಅಂತಾನೆ, ಅದು ಬೋನಸ್. ಒಂದು ಇಡೀ ಓಪಿಡಿಗೆ ಒಂದೇ ಒಂದು ನಿಯಮ ಕಲಿಸಬಹುದು ಅಂದರೆ ನಾನು ಆರಿಸುವುದು ಈ ಮರುನುಡಿಯನ್ನು.

ಇನ್ನು ಅಂಕಿಗಳು. ಇಂಗ್ಲಿಷಿನವರಿಗೆ ಫಿಫ್ಟೀನ್-ಫಿಫ್ಟಿ ತಲೆನೋವು. ನಮಗೆ ಇಪ್ಪತ್ತು-ಎಪ್ಪತ್ತು, ಎಂಬತ್ತು-ತೊಂಬತ್ತು. ನೂರಿಪ್ಪತ್ತು ಬಿಪಿ ಅಂದರೆ ಸರಿಯಾಗಿದೆ, ನೂರೆಪ್ಪತ್ತು ಅಂದರೆ ಮಾತ್ರೆ ಬದಲಿಸಬೇಕು. ನಡುವಿನ ವ್ಯತ್ಯಾಸ ಒಂದು ಇ-ಕಾರ, ಒಂದು ಎ-ಕಾರ. 'ಕಾಲು ಮಾತ್ರೆ' ಮಾತ್ರೆಯ ನಾಲ್ಕನೇ ಒಂದು ಭಾಗವೋ ಕಾಲುನೋವಿನ ಮಾತ್ರೆಯೋ? "ಎರಡಕ್ಕೆ ಹೋಗಿ ಮೂರು ದಿನ ಆಯ್ತು" ಅನ್ನುವುದು ಮಲಬದ್ಧತೆ, "ಒಂದಕ್ಕೆ ಹೋದ್ರೆ ಉರಿ" ಅನ್ನುವುದು ಮೂತ್ರದ ಉರಿ. ಇಲ್ಲಿ ಒಂದು, ಎರಡು ಎಣಿಕೆಯೇ ಅಲ್ಲ. ಹಾಗಾಗಿ ಬಿಪಿ, ನಾಡಿ, ಉಷ್ಣಾಂಶ, ತೂಕ, ಶುಗರ್, ಆಮ್ಲಜನಕದ ಮಟ್ಟ ಈ ಆರನ್ನೂ ಧ್ವನಿಯಿಂದ ತುಂಬಲು ಬಿಡಲೇಬಾರದು. ರೋಗಿ ಒಳಗೆ ಬರುವ ಮೊದಲು ಸಿಸ್ಟರ್ ಅಳೆದು, ಖಾನೆಯಲ್ಲಿ ಕೈಯಾರೆ ಟೈಪ್ ಮಾಡಬೇಕು. ಸ್ಕ್ರೈಬ್ ಬರೆದ ಅಂಕಿಗೂ ಸಿಸ್ಟರ್ ಬರೆದ ಅಂಕಿಗೂ ತಾಳೆಯಾಗದಿದ್ದರೆ ಸಿಸ್ಟರದ್ದೇ ಅಂತಿಮ.

ಮಾತ್ರೆಯ ಹೆಸರಿಗೂ ಅದೇ ಶಿಸ್ತು. ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಶುಗರಿಗೆ ಒಂದು, ಬಿಪಿಗೆ ಇನ್ನೊಂದು, ಸೋಂಕಿಗೆ ಮತ್ತೊಂದು. ಬಿಪಿಯ ಹೈಡ್ರಾಲಜಿನ್, ತುರಿಕೆಯ ಹೈಡ್ರಾಕ್ಸಿಜಿನ್ ಜೋಡಿಯ ಎಡವಟ್ಟು ಎಐ ಹುಟ್ಟುವ ಮೊದಲಿನಿಂದಲೂ ಜಗತ್ತಿಗೆ ಗೊತ್ತು. ಟಿಪ್ಪಣಿಯಿಂದ ಪ್ರಿಸ್ಕ್ರಿಪ್ಷನ್ನಿಗೆ ಔಷಧ ತಾನಾಗಿ ಹರಿದು ಹೋಗುವ ಸೌಲಭ್ಯವನ್ನು ಕಂಪನಿಯವರು ಹೆಮ್ಮೆಯಿಂದ ತೋರಿಸುತ್ತಾರೆ. ಅದನ್ನು ಮೊದಲ ದಿನವೇ ಬಂದ್ ಮಾಡಿಸಿ. ಪ್ರಿಸ್ಕ್ರಿಪ್ಷನ್ ಬೇರೆ ಪರದೆ, ಪಟ್ಟಿಯಿಂದ ಆರಿಸಿ ಹಾಕುವುದು, ಜನರಿಕ್ ಹೆಸರು, ಓದಲು ಬರುವ ದೊಡ್ಡಕ್ಷರ.

ಯಾರ ಮಾತು, ಯಾರ ಕಾಯಿಲೆ

ನಮ್ಮಲ್ಲಿ ಒಬ್ಬರೇ ಡಾಕ್ಟರ ಹತ್ತಿರ ಬರುವುದು ಅಪರೂಪ. ಹೆಂಡತಿ ಗಂಡನ ಹೆಸರು ಹೇಳದೆ "ಇವ್ರಿಗೆ ಶುಗರ್ ಇದೆ, ಇವ್ರು ರಾತ್ರಿ ಎಣ್ಣೆ ಹಾಕ್ತಾರೆ" ಅನ್ನುತ್ತಾಳೆ. ಗೌರವದ ಬಹುವಚನದಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಇಂಗ್ಲಿಷಿಗೆ ಇಳಿಸುವಾಗ ಯಂತ್ರ ತನಗೆ ತೋಚಿದ ಲಿಂಗ ಹಾಕುತ್ತದೆ, ಅಥವಾ ಶುಗರನ್ನು ಮಾತಾಡುತ್ತಿರುವವಳಿಗೇ ಅಂಟಿಸುತ್ತದೆ. ಎಣ್ಣೆ ಹರಳೆಣ್ಣೆಯಾಗುತ್ತದೆ. (ಮದ್ಯಪಾನದ ಖಾನೆ ಖಾಲಿ ಉಳಿಯಿತು ಅಂತ ಮನೆಯವರಿಗೆ ಸಮಾಧಾನ, ಯಕೃತ್ತಿಗಲ್ಲ.) ಬಸುರಿಯನ್ನು ಕರೆತಂದ ಅತ್ತೆ "ನಂಗೂ ಬಿಪಿ ಇತ್ತು, ಮೊದಲ್ನೇದು ಏಳು ತಿಂಗಳಿಗೇ ಆಯ್ತು" ಅಂದರೆ ಆ ಅಕಾಲಿಕ ಹೆರಿಗೆ ಸೊಸೆಯ ಇತಿಹಾಸಕ್ಕೆ ಸೇರಿಬಿಡಬಹುದು. ಟಿಪ್ಪಣಿಯನ್ನು ತಾಯಿ ಕಾರ್ಡಿನ ಪಕ್ಕ ಇಟ್ಟು ಓದಿ. ಎಷ್ಟನೇ ಬಸಿರು, ಹಿಂದಿನ ಹೆರಿಗೆ ಏನಾಯಿತು, ಎರಡೂ ಕಾರ್ಡಿಗೆ ತಾಳೆಯಾಗಬೇಕು.

"ಮುಟ್ಟು ನಿಂತಿದೆ" ಅನ್ನುವ ಮಾತು ಇಪ್ಪತ್ತೆರಡರ ಹುಡುಗಿ ಆಡಿದರೆ ಒಂದರ್ಥ, ನಲವತ್ತೆಂಟರ ಹೆಂಗಸು ಆಡಿದರೆ ಇನ್ನೊಂದು. ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ತಮಿಳು, ತುಳು, ಬ್ಯಾರಿ, ಈಚೆಗೆ ಅಸ್ಸಾಮಿ, ಬಂಗಾಳಿಯೂ ಸೇರಿದೆ. ಮೇಸ್ತ್ರಿ ಅನುವಾದ ಮಾಡಿ ಹೇಳುವ ಸಮಾಲೋಚನೆಗೆ ಸ್ಕ್ರೈಬ್ ಹಾಕಲೇಬೇಡಿ. ಅಲ್ಲಿ ಅನುವಾದದ ಮೇಲೆ ಅನುವಾದ ಕೂರುತ್ತದೆ.

ಹುಟ್ಟಿಸುವ ತಪ್ಪಿಗಿಂತ ಹಿಡಿಯಲು ಕಷ್ಟವಾದದ್ದು ಬಿಟ್ಟುಬಿಡುವ ತಪ್ಪು. ಇಲ್ಲದ್ದನ್ನು ಬರೆದರೆ ಕಣ್ಣಿಗೆ ಚುಚ್ಚುತ್ತದೆ, ಇದ್ದದ್ದನ್ನು ಬರೆಯದಿದ್ದರೆ ಪುಟ ಚೊಕ್ಕವಾಗಿಯೇ ಕಾಣುತ್ತದೆ. ಸಾರಾಂಶ ಮಾಡುವ ಮಾದರಿ ಹರಟೆಯನ್ನು ಕಳಚಿ ಬಿಸಾಡುತ್ತದೆ, ನಮ್ಮಲ್ಲಿ ರೋಗದ ಸುಳಿವು ಹರಟೆಯೊಳಗೇ ಇರುತ್ತದೆ. "ದರಗು ತರೋಕೆ ಕಾಡಿಗೆ ಹೋಗಿದ್ದೆ, ಉಣುಗು ಹತ್ಕೊಂಡಿತ್ತು" ಎಂದು ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರೊಬ್ಬರು ಫೆಬ್ರವರಿಯಲ್ಲಿ ಜ್ವರದ ಜೊತೆ ಹೇಳಿದರೆ ಅದು ಮಂಗನ ಕಾಯಿಲೆಯ ಎಚ್ಚರಿಕೆ. ದರಗು ಅಂದರೆ ಒಣಗಿದ ಎಲೆ, ಉಣುಗು ಅಂದರೆ ಆ ಕಾಯಿಲೆ ಹರಡುವ ಉಣ್ಣೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಾದ ಈ ಕಾಯಿಲೆಯನ್ನು ಪರದೇಶದ ಸಮಾಲೋಚನೆಗಳಲ್ಲಿ ಪಳಗಿದ ಮಾದರಿ ಎಷ್ಟು ಸಲ ಕಂಡಿರುತ್ತದೆ? "ನಾಟಿಗೆ ಗದ್ದೆಗಿಳಿದಿದ್ದೆ, ಕಾಲಲ್ಲಿ ಗಾಯ ಇತ್ತು" ಅನ್ನುವುದು ಇಲಿ ಜ್ವರದ ದಾರಿ. ಸಾಧನದ ಟೆಂಪ್ಲೇಟಿನಲ್ಲಿ 'ಕಾಡು, ಗದ್ದೆ, ತೋಟದ ಕೆಲಸ, ಸಿಂಪಡಣೆ' ಅಂತ ಒಂದು ಕಡ್ಡಾಯ ಸಾಲು ಸೇರಿಸಿ. ಮಾತಿನಲ್ಲಿ ಬಂದಿರದಿದ್ದರೆ 'ಕೇಳಿಲ್ಲ' ಎಂದೇ ಮುದ್ರಿಸಲಿ, 'ಇಲ್ಲ' ಎಂದು ಬೇಡ.

ಕೇಳಿಲ್ಲ ಮತ್ತು ಇಲ್ಲ ನಡುವಿನ ಈ ವ್ಯತ್ಯಾಸ ದೇಹ ಪರೀಕ್ಷೆಯಲ್ಲಿ ಇನ್ನೂ ದೊಡ್ಡದು. ಖಾನೆ ಖಾಲಿ ಇದ್ದರೆ ಮಾದರಿಗೆ ತಡೆಯುವುದಿಲ್ಲ. "ಹೊಟ್ಟೆ ಮೃದು, ಒತ್ತಿದರೆ ನೋವಿಲ್ಲ, ಶ್ವಾಸಕೋಶ ಸ್ವಚ್ಛ" ಅಂತ ಮುಟ್ಟದ ಹೊಟ್ಟೆಗೂ ಇಡದ ಸ್ಟೆತಸ್ಕೋಪಿಗೂ ಬರೆದುಬಿಡುತ್ತದೆ. ನಾಳೆ ಅಪೆಂಡಿಕ್ಸ್ ಒಡೆದು ಜಿಲ್ಲಾಸ್ಪತ್ರೆ ಸೇರಿದರೆ ಆ ಸಾಲು ನಿಮ್ಮ ಸಹಿಯ ಮೇಲಿರುತ್ತದೆ. ಪರೀಕ್ಷೆ ಮಾಡುತ್ತಲೇ ಕಂಡದ್ದನ್ನು ಬಾಯಿಬಿಟ್ಟು ಹೇಳಿ, ಹೇಳದ್ದು ಟಿಪ್ಪಣಿಯಲ್ಲಿದ್ದರೆ ಕಣ್ಣು ಮುಚ್ಚಿ ಅಳಿಸಿ.

'ಸುಸ್ತು', 'ಗ್ಯಾಸ್ಟ್ರಿಕ್', 'ಜೋಮು', 'ಎದೆ ಹಿಡ್ಕೊಂಡಂಗಾಗುತ್ತೆ' ಇವನ್ನು ಇಂಗ್ಲಿಷಿಗೆ ತಿರುಗಿಸಲೇಬೇಕೆಂದಿಲ್ಲ. ನಡೆದರೆ ಬರುವ ಸುಸ್ತು ಬರೀ ಆಯಾಸವೋ, ಉಬ್ಬಸವೋ, ಹೃದಯದ ರಕ್ತನಾಳದ ತಕರಾರೋ ಎನ್ನುವುದು ಪದಕೋಶದಲ್ಲಿ ತೀರ್ಮಾನವಾಗುವುದಲ್ಲ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಅಂಥ ದಿನಗಳಲ್ಲಿ "ಗ್ಯಾಸ್ಟ್ರಿಕ್ ಇರ್ಬೇಕು ಸಾರ್" ಅನ್ನುವುದು ರೋಗಿಯ ಆಸೆ, ರೋಗನಿರ್ಣಯವಲ್ಲ; ಯಂತ್ರ ಅದನ್ನು ಜಠರದ ಉರಿಯೂತವೆಂದು ಅಂದಾಜಿನ ಖಾನೆಗೆ ಏರಿಸಿದರೆ ಇಸಿಜಿ ತಪ್ಪಿ ಹೋಗುತ್ತದೆ. ಟಿಪ್ಪಣಿಯ ಮೊದಲ ಸಾಲು ರೋಗಿಯ ಮಾತಿನಲ್ಲೇ, ಕನ್ನಡ ಲಿಪಿಯಲ್ಲೇ, ಉದ್ಧರಣ ಚಿಹ್ನೆಯೊಳಗೆ ಇರಲಿ. ಕೆಳಗೆ ಇಂಗ್ಲಿಷ್ ಏನಾದರೂ ಬರಲಿ, ಮೂಲ ಉಳಿದಿರುತ್ತದೆ.

ಮೈಕು, ಮಳೆ, ಮೊಬೈಲು

ಮೈಕು ರೋಗಿಯ ಬಾಯಿಂದ 30ರಿಂದ 50 ಸೆಂ.ಮೀ. ದೂರದಲ್ಲಿ, ಮೇಜಿನ ಮೇಲೆ ಒಂದು ಮಡಿಸಿದ ಬಟ್ಟೆಯ ಮೇಲಿರಲಿ. ಇಲ್ಲದಿದ್ದರೆ ಬಿಪಿ ಯಂತ್ರ ಇಟ್ಟ ಸದ್ದೆಲ್ಲ ಗುಡುಗಿನಂತೆ ಸೇರುತ್ತದೆ. ಫ್ಯಾನಿನ ನೇರ ಗಾಳಿ ತಪ್ಪಿಸಿ. ಶೀಟು ಹೊದಿಸಿದ ಕೋಣೆಯಲ್ಲಿ ಜುಲೈ ಮಳೆ ಹೊಡೆಯುವಾಗ ಮನುಷ್ಯರ ಕಿವಿಗೇ ಕೇಳಿಸುವುದಿಲ್ಲ, ಆ ಹೊತ್ತಿನಲ್ಲಿ ಯಂತ್ರ ಆರಿಸಿ ಪೆನ್ನು ಹಿಡಿಯುವುದೇ ಸರಿ.

ಡಾಕ್ಟರ ಸ್ವಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಎರಡು ಕಾರಣಕ್ಕೆ ಕೆಟ್ಟದ್ದು. ಕರೆ ಬಂದ ಕ್ಷಣ ರೆಕಾರ್ಡಿಂಗ್ ಸದ್ದಿಲ್ಲದೆ ನಿಲ್ಲಬಹುದು. ಅರ್ಧ ಕೇಳಿದ ಯಂತ್ರ ಅರ್ಧಕ್ಕೇ ಪೂರ್ತಿ ಟಿಪ್ಪಣಿ ಬರೆಯುತ್ತದೆ, ಅರ್ಧ ಎಂದು ಹೇಳುವುದಿಲ್ಲ. ಎರಡನೆಯದು, ಧ್ವನಿಯ ಕಡತ ತಾನಾಗಿ ಡಾಕ್ಟರ ಸ್ವಂತ ಕ್ಲೌಡಿಗೆ ನಕಲಾಗಬಹುದು. ಸಿಮ್ ಇಲ್ಲದ ಪ್ರತ್ಯೇಕ ಟ್ಯಾಬ್ಲೆಟ್ ಇಡಿ. ಬ್ಯಾಟರಿ ಉಳಿತಾಯದ ಸೆಟಿಂಗ್ ಆ ಆ್ಯಪಿಗೆ ಅನ್ವಯಿಸದಂತೆ ಮಾಡಿ, ಇಲ್ಲದಿದ್ದರೆ ಪರದೆ ಆರಿದ ಕೂಡಲೇ ಆ್ಯಪೂ ಮಲಗುತ್ತದೆ. ಡಾಕ್ಟರಿಗೊಂದು, ಸಿಸ್ಟರಿಗೊಂದು ಲಾಗಿನ್. ಕಾರ್ಡ್‌ಬೋರ್ಡಿನ ಮೇಲೆ ಪಾಸ್‌ವರ್ಡ್ ಬರೆದು ಗೋಡೆಗೆ ನೇತುಹಾಕುವ ನಮ್ಮ ಅಭ್ಯಾಸ ಇಲ್ಲಿಗೆ ಬೇಡ.

ನೆಟ್‌ವರ್ಕಿನ ಲೆಕ್ಕ ಮೊದಲೇ ಹಾಕಿ. ಮಾತನ್ನು ಗುರುತಿಸಲು ಸೆಕೆಂಡಿಗೆ 16,000 ಸಲ ಅಳೆದು, ಪ್ರತಿ ಅಳತೆಗೆ 16 ಬಿಟ್ ಬಳಸಿದ ಒಂಟಿ ಚಾನೆಲ್ಲಿನ (ಮೊನೊ) ಧ್ವನಿ ಸಾಕು. ಕುಗ್ಗಿಸದಿದ್ದರೆ ಅದು ನಿಮಿಷಕ್ಕೆ 1.92 ಎಂಬಿ. ಐದು ನಿಮಿಷದ 60 ಸಮಾಲೋಚನೆಗೆ ಸುಮಾರು 576 ಎಂಬಿ. 24 ಕೆಬಿಪಿಎಸ್‌ಗೆ (ಸೆಕೆಂಡಿಗೆ 24 ಕಿಲೋಬಿಟ್) ಕುಗ್ಗಿಸಿ ಕಳಿಸುವ ಸಾಧನವಾದರೆ ಅದೇ ದಿನಕ್ಕೆ 54 ಎಂಬಿ. ಮಲೆನಾಡಿನ ಕಣಿವೆಯಲ್ಲಿ ಈ ವ್ಯತ್ಯಾಸವೇ ಸಾಧನ ನಡೆಯುತ್ತದೋ ಇಲ್ಲವೋ ತೀರ್ಮಾನಿಸುತ್ತದೆ. ನೆಟ್ ಇಲ್ಲದಾಗ ಧ್ವನಿಗಳು ಸರತಿಯಲ್ಲಿ ನಿಂತು, ಬಂದಾಗ ಒಟ್ಟಿಗೆ ಏರುವ ವ್ಯವಸ್ಥೆಯಾದರೆ ಒಬ್ಬರ ಟಿಪ್ಪಣಿ ಇನ್ನೊಬ್ಬರ ಕಡತಕ್ಕೆ ಕೂರದಂತೆ ನೋಡಬೇಕು. ರೆಕಾರ್ಡ್ ಒತ್ತಿದ ಕೂಡಲೇ ಡಾಕ್ಟರು ಓಪಿಡಿ ನಂಬರು ಮತ್ತು ವಯಸ್ಸು ಉಚ್ಚರಿಸಲಿ. ಮುಂದಿನವರನ್ನು ಕರೆಯುವ ಮೊದಲು ನಿಲ್ಲಿಸುವ ಗುಂಡಿ ಒತ್ತಲಿ. ಒಂದೇ ಕೋಣೆಯಲ್ಲಿ ಮೂವರು ರೋಗಿಗಳು ನಿಲ್ಲುವ ಪದ್ಧತಿ ಇರುವವರೆಗೆ ಸ್ಕ್ರೈಬಿನ ಮಾತೇ ಬೇಡ. ಮೊದಲು ಬಾಗಿಲಿಗೆ ಒಂದು ಪರದೆ, ಹೊರಗೊಂದು ಬೆಂಚು ಹಾಕಿ.

ಒಪ್ಪಿಗೆ

ಡಾಕ್ಟರು ಕೇಳಿದ್ದಕ್ಕೆ ಬೇಡ ಅನ್ನುವವರು ನಮ್ಮಲ್ಲಿ ಎಷ್ಟು ಮಂದಿ? "ರೆಕಾರ್ಡ್ ಮಾಡ್ಕೊಳ್ಲಾ?" ಅಂದರೆ "ಮಾಡ್ಕೊಳಿ ಸಾರ್" ಅಂತಲೇ ಉತ್ತರ. ಅದು ಒಪ್ಪಿಗೆಯಲ್ಲ, ಮರ್ಯಾದೆ. ಬೇಡ ಅನ್ನುವುದನ್ನು ಸಲೀಸು ಮಾಡಬೇಕು: "ನಾವು ಮಾತಾಡೋದನ್ನ ಈ ಯಂತ್ರ ಕೇಳಿಸ್ಕೊಂಡು ಬರ್ಕೊಳ್ಳುತ್ತೆ. ಎಷ್ಟೋ ಜನ ಬೇಡ ಅಂತಾರೆ, ಆಗ ನಾನೇ ಕೈಯಲ್ಲಿ ಬರೀತೀನಿ, ಚಿಕಿತ್ಸೇಲಿ ಏನೂ ವ್ಯತ್ಯಾಸ ಇಲ್ಲ. ಇಡ್ಲಾ, ತೆಗೀಲಾ?" ಕೊನೆಯ ಎರಡು ಪದ ಮುಖ್ಯ. ಜೊತೆಗೆ ಬಂದವರ ಒಪ್ಪಿಗೆಯೂ ಬೇಕು, ಅವರ ಧ್ವನಿಯೂ ಒಳಗೆ ಹೋಗುತ್ತದೆ. ಕೋಣೆಯೊಳಗೆ ಓಡಾಡುವ ಸಿಸ್ಟರ್, ಕಾಂಪೌಂಡರ್ ಕೂಡ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಅವಕಾಶವಿದೆ. ಒಪ್ಪಿಗೆಯ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು. 18 ತುಂಬದವರೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು. ಸಣ್ಣ ಕ್ಲಿನಿಕ್ಕಿನವರು ತಿಳಿಯಬೇಕಾದ ಮುಖ್ಯ ಸಂಗತಿ ಬೇರೆ: ದತ್ತಾಂಶಕ್ಕೆ ಹೊಣೆ ನೀವು. ಕಂಪನಿ ನಿಮ್ಮ ಪರವಾಗಿ ಸಂಸ್ಕರಿಸುವವರು ಮಾತ್ರ, ಅದಕ್ಕೂ ಕಾನೂನುಬದ್ಧ ಕರಾರು ಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡದ ಮಿತಿ ₹250 ಕೋಟಿಯವರೆಗೆ ಇದೆ.

ರೋಗಿಯನ್ನು ಕೇಳದೆಯೇ ಯಂತ್ರವನ್ನು ಬಂದ್ ಮಾಡಬೇಕಾದ ಸಂದರ್ಭಗಳಿವೆ. ಎಚ್‌ಐವಿ, ಮಾನಸಿಕ ಆರೋಗ್ಯ, ಗರ್ಭಪಾತ, ಲೈಂಗಿಕ ದೌರ್ಜನ್ಯ, ಪೋಕ್ಸೊಗೆ ಬರುವ ಮಗು. ಇವಕ್ಕೆಲ್ಲ ಗೋಪ್ಯತೆಯ ಪ್ರತ್ಯೇಕ ಕಾನೂನುಗಳಿವೆ. ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಅತ್ತೆ ನೀರು ಕುಡಿಯಲು ಹೊರಗೆ ಹೋದಾಗ ಸೊಸೆ "ಮನೇಲಿ ಹೊಡೀತಾರೆ ಮೇಡಂ" ಅಂದಿರುತ್ತಾಳೆ. ಸಾರಾಂಶ ಅದನ್ನು ಹಿಡಿದು, ಮನೆಗೆ ಕೊಡುವ ಚೀಟಿಯಲ್ಲಿ ಮುದ್ರಿಸುತ್ತದೆ, ಚೀಟಿ ಅತ್ತೆಯ ಚೀಲ ಸೇರುತ್ತದೆ. ಮನೆಗೆ ಹೋಗುವ ಚೀಟಿಯಲ್ಲಿ ಔಷಧ, ಪಥ್ಯ, ಮುಂದಿನ ದಿನಾಂಕ, ಯಾವಾಗ ತಕ್ಷಣ ಬರಬೇಕು ಇಷ್ಟೇ ಇರಲಿ. ಟಿಪ್ಪಣಿ ಕಡತದಲ್ಲಿರಲಿ.

ಎಲ್ಲಿಂದ ಶುರು ಮಾಡುವುದು

ಎಲ್ಲ ಓಪಿಡಿಗೂ ಅಲ್ಲ. ಭಾರತದ ಪ್ರಾಥಮಿಕ ಸಮಾಲೋಚನೆ ಸರಾಸರಿ ಎರಡು ನಿಮಿಷದ ಆಸುಪಾಸು ಎಂದು 2017ರ ಒಂದು ಅಂತರರಾಷ್ಟ್ರೀಯ ವಿಶ್ಲೇಷಣೆ ಹೇಳಿತ್ತು; ಅದೇ ಪಟ್ಟಿಯಲ್ಲಿ ಸ್ವೀಡನ್ ಇಪ್ಪತ್ತೆರಡೂವರೆ ನಿಮಿಷ. ಎರಡು ನಿಮಿಷದ ನೆಗಡಿಗೆ ಡಾಕ್ಟರು ಗೀಚುವುದು ಮೂರು ಸಾಲು. ಅದಕ್ಕೆ ಯಂತ್ರ ಒಂದು ಪುಟ ಬರೆದು, ಅದನ್ನು ಓದಿ ತಿದ್ದಲು ಒಂದು ನಿಮಿಷ ಹೋದರೆ ಉಳಿತಾಯ ಎಲ್ಲಿ? ಬಿಪಿ-ಶುಗರ್ ದಿನದ ಮರುಭೇಟಿ, ಹೊಸ ರೋಗಿಯ ಮೊದಲ ಭೇಟಿ, ಹತ್ತು ಮಾತ್ರೆ ನುಂಗುವ ಹಿರಿಯರು, ಇಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಮೊದಲ ವಾರ ಡಾಕ್ಟರು ಎಂದಿನಂತೆ ಕೈಯಲ್ಲೇ ಬರೆಯಲಿ, ಯಂತ್ರ ಪಕ್ಕದಲ್ಲಿ ತನ್ನಷ್ಟಕ್ಕೆ ಬರೆಯಲಿ, ಅದರದ್ದು ಕಡತಕ್ಕೆ ಹೋಗಬಾರದು. ಇಂಥ 30 ಜೋಡಿ ಟಿಪ್ಪಣಿ ಎದುರುಬದುರಿಟ್ಟು, 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಣಿಸಿ: ಬಿಟ್ಟದ್ದು, ಹುಟ್ಟಿಸಿದ್ದು, ಇದ್ದದ್ದು ಇಲ್ಲವಾದದ್ದು, ಅಂಕಿ, ಔಷಧ, ಯಾರದ್ದೋ ಮಾತು ಯಾರಿಗೋ. ಯಾವ ತಪ್ಪು ಹಾನಿ ಮಾಡಬಲ್ಲದು ಅನ್ನುವುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇಂಥ ಸಾಧನಗಳ ಬಗ್ಗೆ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಕೇಳುವ ಅಪಾಯಗಳ ದಾಖಲೆಯೂ ತಿರುಳಿನಲ್ಲಿ ಇದೇ: ಏನು ತಪ್ಪಬಹುದು, ಯಾಕೆ, ತಡೆ ಏನು, ನೋಡಿಕೊಳ್ಳುವವರು ಯಾರು. ಅಲ್ಲಿ ಅದಕ್ಕೊಬ್ಬ ಸುರಕ್ಷತಾ ಅಧಿಕಾರಿ. ನಮ್ಮಲ್ಲಿ ಓದಿ ನೋಡುವ ತಾಳ್ಮೆ ಇರುವ ಸಿಸ್ಟರ್ ಸಾಕು, ಆದರೆ ಅವರಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡಬೇಕು.

ಎರಡನೇ ವಾರದಿಂದ ದಿನಕ್ಕೆ ಹತ್ತು ರೋಗಿಗಳಿಗೆ ಮಾತ್ರ. ಟಿಪ್ಪಣಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿಯಾಗಲಿ: ಮೊದಲು ಯೋಜನೆ ಮತ್ತು ಔಷಧ, ಆಮೇಲೆ ಅಲರ್ಜಿ, ಆಮೇಲೆ 'ಇಲ್ಲ' ಇರುವ ಪ್ರತಿ ವಾಕ್ಯ, ಪರೀಕ್ಷೆ, ಕೊನೆಗೆ ಇತಿಹಾಸ. ಮೇಲಿನಿಂದ ಓದಿದರೆ ನಯವಾದ ಗದ್ಯಕ್ಕೆ ಕಣ್ಣು ಜಾರುತ್ತದೆ. ಸಹಿ ಮುಂದಿನ ರೋಗಿ ಬರುವ ಮೊದಲೇ ಆಗಬೇಕು. ಸಂಜೆ ಅರವತ್ತನ್ನು ಒಟ್ಟಿಗೆ ಸಹಿ ಮಾಡುವವರಿಗೆ ಮೂವತ್ತೇಳನೆಯವನ ಮುಖವೂ ನೆನಪಿರುವುದಿಲ್ಲ. ತಪ್ಪು ಔಷಧ, ತಪ್ಪು ಡೋಸ್ ಅಥವಾ ತಪ್ಪು ಅಲರ್ಜಿ ಒಂದೇ ಒಂದು ಸಹಿ ದಾಟಿ ಹೋದರೂ ಆವತ್ತೇ ನಿಲ್ಲಿಸಿ, ಕಾರಣ ಸಿಗುವ ತನಕ ಮತ್ತೆ ಶುರು ಮಾಡಬೇಡಿ.

ತಾಳೆ ನೋಡಲು ಮೂಲ ಧ್ವನಿ ಬೇಕು, ಗೋಪ್ಯತೆಗೆ ಅದು ಬೇಗ ಅಳಿಯಬೇಕು. ಪ್ರಯೋಗದ ತಿಂಗಳಲ್ಲಿ 7 ದಿನ, ಆಮೇಲೆ 48 ಗಂಟೆ ಇಟ್ಟುಕೊಳ್ಳುವುದು ನನ್ನ ಅಂದಾಜಿಗೆ ಹದ. ಒಪ್ಪಿಗೆ ಕೇಳುವಾಗ ಈ ಅವಧಿಯನ್ನೂ ಹೇಳಬೇಕು. ಕಂಪನಿಯ ಕರಾರಿನಲ್ಲಿ ಇದರ ಜೊತೆ ಬರೆಸಿಕೊಳ್ಳಬೇಕಾದದ್ದು: ಸರ್ವರ್ ಎಲ್ಲಿದೆ, ನಮ್ಮ ರೋಗಿಗಳ ಮಾತಿನಿಂದ ಮಾದರಿಗೆ ತರಬೇತಿ ಕೊಡುವುದಿಲ್ಲ, ಬಿಟ್ಟು ಹೋಗುವಾಗ ಟಿಪ್ಪಣಿಗಳು ನಮಗೆ ಓದಬಲ್ಲ ರೂಪದಲ್ಲಿ ಸಿಗುತ್ತವೆ, ಸೋರಿಕೆಯಾದರೆ ಎಷ್ಟು ಗಂಟೆಯಲ್ಲಿ ತಿಳಿಸುತ್ತಾರೆ. ಐಎಸ್‌ಒ 27001 ಪ್ರಮಾಣಪತ್ರ ತೋರಿಸಿದರೆ ಸಂತೋಷ. ಅದು ಮಾಹಿತಿ ಭದ್ರತೆಯ ನಿರ್ವಹಣೆಗೆ ಸಂಬಂಧಿಸಿದ್ದು, ನೂರೆಪ್ಪತ್ತನ್ನು ಸರಿಯಾಗಿ ಕೇಳುತ್ತದೆ ಎಂಬುದಕ್ಕಲ್ಲ. ರೋಗನಿರ್ಣಯ ಸೂಚಿಸುವ ಸೌಲಭ್ಯವಿದ್ದರೆ ಬಂದ್ ಮಾಡಿಸಿ. ದೂರವೈದ್ಯಕೀಯದ ಕೇಂದ್ರ ಮಾರ್ಗಸೂಚಿ 2020ರಲ್ಲೇ ಗೆರೆ ಎಳೆದಿದೆ: ಎಐ ವೈದ್ಯರಿಗೆ ನೆರವಾಗಬಹುದು, ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಮತ್ತು ಯಾವ ಕರಾರೂ ಇಲ್ಲದ ಉಚಿತ ಚಾಟ್‌ಬಾಟಿಗೆ ರೋಗಿಯ ಮಾತನ್ನು ಅಂಟಿಸುವ ಕೆಲಸ ಈಗಾಗಲೇ ನಡೆಯುತ್ತಿದ್ದರೆ, ಅದನ್ನು ನಿಲ್ಲಿಸುವುದು ಇಡೀ ಯೋಜನೆಯ ಮೊದಲ ಹೆಜ್ಜೆ.

ಮಾದರಿಯನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸುತ್ತದೆ, ಪರದೆ ಹಾಗೆಯೇ ಕಾಣುತ್ತದೆ. ಅದಕ್ಕೊಂದು ಸ್ವಂತ ಪರೀಕ್ಷೆ ಇಟ್ಟುಕೊಳ್ಳಿ. ಸಿಬ್ಬಂದಿಯೇ ರೋಗಿಯಂತೆ ನಟಿಸಿ, ನಿಜವಾದ ರೋಗಿಯ ವಿವರವಿಲ್ಲದ 20 ತುಣುಕು ರೆಕಾರ್ಡ್ ಮಾಡಿ. ಒಂದರಲ್ಲಿ ನೂರಿಪ್ಪತ್ತು, ಇನ್ನೊಂದರಲ್ಲಿ ನೂರೆಪ್ಪತ್ತು. "ಔಷಧಿ ಹೊಡೆದೆ", "ಔಷಧಿ ಕುಡಿದ್ಲು", "ಇವ್ರು ಎಣ್ಣೆ ಹಾಕ್ತಾರೆ", "ಎರಡಕ್ಕೆ ಹೋಗಿ ಮೂರು ದಿನ", "ಜ್ವರ ಇಲ್ಲ ತಾನೇ? ಹೂಂ", "ಕಾಲು ಮಾತ್ರೆ", ದರಗು, ಉಣುಗು, ಅತ್ತೆಯ ಬಿಪಿ. ಒಂದು ತುಣುಕಿನಲ್ಲಿ ಏನೂ ಮಾತಿಲ್ಲದ ನಲವತ್ತು ಸೆಕೆಂಡು ಮೌನ ಇರಲಿ, ಅಲ್ಲಿ ಏನು ಬರೆಯುತ್ತದೆ ನೋಡಿ. ಪ್ರತಿಯೊಂದಕ್ಕೂ ಬರಬೇಕಾದ ಟಿಪ್ಪಣಿಯನ್ನು ಮೊದಲೇ ಕೈಯಲ್ಲಿ ಬರೆದಿಡಿ. ಸಾಧನ ಕೊಳ್ಳುವ ಮುನ್ನ ಪ್ರತಿ ಕಂಪನಿಗೂ ಇದೇ ಇಪ್ಪತ್ತು ಕೇಳಿಸಿ, ಕೊಂಡ ಮೇಲೆ ತಿಂಗಳಿಗೊಮ್ಮೆ ಮತ್ತು ಪ್ರತಿ ಅಪ್‌ಡೇಟಿನ ಮರುದಿನ ಬೆಳಿಗ್ಗೆ ಓಪಿಡಿ ತೆರೆಯುವ ಮೊದಲು ಕೇಳಿಸಿ. ಹಿಂದಿನ ತಿಂಗಳು ಸರಿ ಬರೆದದ್ದನ್ನು ಈ ತಿಂಗಳು ತಪ್ಪಿದರೆ ಆ ದಿನ ಟ್ಯಾಬ್ಲೆಟ್ ಬೀರುವಿನಲ್ಲೇ ಇರಲಿ. ಖಾಲಿ ಓಪಿಡಿ ಚೀಟಿಯ ಒಂದು ಕಟ್ಟು ಮೇಜಿನ ಎಡಗಡೆ ಖಾನೆಯಲ್ಲಿ ಯಾವಾಗಲೂ ಇರಬೇಕು, ಕರೆಂಟು ಹೋದ ದಿನಕ್ಕೂ ಅದೇ.